ಒಂಬತ್ತು ಗ್ರಾಂ

ಚೌಡರೆಡ್ಡಿಯ ಟೆಂಪೋ ಎಂಜಿನ್ನು ಬಿಚ್ಚಿ ಮೂರು ದಿನ.
ಹೊರಗೆ ಚಿಂತಾಮಣಿಯ ಬಿಸಿಲು, ಟೊಮೇಟೊ ಕ್ರೇಟಿನ ಗಾಡಿಗಳ ಸಾಲು,
ಒಳಗೆ ಗೋಣಿತಾಟಿನ ಮೇಲೆ
ಸೀಮೆಎಣ್ಣೆಯಲ್ಲಿ ಮಿಂದು ಮಲಗಿದ
ನಾಲ್ಕು ಕನೆಕ್ಟಿಂಗ್ ರಾಡು.

ಮೊದಲು ಕಿವಿ.
ತಂತಿಗೆ ನೇತುಹಾಕಿ ಸುತ್ತಿಗೆಯ ಹಿಡಿಯಿಂದ ತಟ್ಟಿದರೆ
ಗಟ್ಟಿ ರಾಡು ಗಂಟೆಯ ಹಾಗೆ ದನಿ ಎಳೆಯುತ್ತದೆ,
ಸೀಳಿದ್ದು ಒಡಕು ಮಡಕೆ.
ನಾಲ್ಕೂ ದನಿ ಎಳೆದವು.
ಬೋಲ್ಟಿನ ಬುಡಕ್ಕೆ ಸುಣ್ಣದ ಪುಡಿ ಬಳಿದು
ಎಣ್ಣೆಯ ಗೆರೆ ಮೂಡೀತೇ ಎಂದು ಒಂದು ಟೀ ಹೊತ್ತು ಕಾದೆ.
ಮೂಡಲಿಲ್ಲ.
ಬಾಗಿದ್ದದ್ದು ಎರಡನೆಯದು, ಕೂದಲೆಳೆಯಷ್ಟು;
ಪ್ರೆಸ್ಸಿಗೆ ಕೊಟ್ಟು ನೆಟ್ಟಗಾಗಿಸಿದೆ.
ಸವೆದ ಕಂಚಿನ ಬುಷ್ ತಳ್ಳಿ ಹೊಸದು ಕೂರಿಸಿದೆ,
ಪಿನ್ನು ಹೆಬ್ಬೆರಳ ಒತ್ತಿಗೆ ಜಾರುವಷ್ಟು,
ತಾನಾಗಿ ಬೀಳದಷ್ಟು.

ಇನ್ನು ತೂಕ.
"ಕೂಡಿಸೋಕೆ ಬರಲ್ಲ ಬೇಟಿ, ಕಳೆಯೋದಷ್ಟೇ ನಮ್ಮ ಕೈಲಿರೋದು,"
ಎನ್ನುತ್ತಿದ್ದರು ಖಲಂದರ್ ಸಾಬರು.
ನಾಲ್ವರಲ್ಲಿ ಹಗುರಾದವನೇ ಯಜಮಾನ,
ಮಿಕ್ಕವರು ಅವನ ಮಟ್ಟಕ್ಕೆ ಇಳಿದು ಬರಬೇಕು.

ಸಾವಿರದ ನೂರಾ ನಲವತ್ತೆರಡು.
ನಲವತ್ತು.
ಮೂರನೆಯದನ್ನು ಎರಡು ಸಲ ಇಟ್ಟು ತೆಗೆದೆ:
ಮೂವತ್ಮೂರು.
ಕೊನೆಯದು ನಲವತ್ತೊಂದು.

"ಬೇರೆ ಗಾಡೀದಿರಬೇಕಕ್ಕಾ," ಅಂದ ಇಮ್ತಿಯಾಜ್.
ಹೊರಳಿಸಿದೆ. ಕ್ಯಾಪಿನ ಹೊಟ್ಟೆಯಲ್ಲಿ
ಪಂಚಿನಿಂದ ಕುಟ್ಟಿದ ಐದು ಚುಕ್ಕಿ,
ಹೊಸ್ತಿಲ ರಂಗೋಲಿಗೆ ಇಡುವಂಥವು, ಸೊಟ್ಟಗೆ.
ಆಗ ನನಗೆ ಬರುತ್ತಿದ್ದ ಸಹಿ ಅದೊಂದೇ.

ಹದಿನೇಳು ವರ್ಷ. ಅವತ್ತು ಶುಕ್ರವಾರ,
ಸಾಬರು ಮಸೀದಿಗೆ ಹೋಗಿದ್ದರು.
ಗ್ರೈಂಡರಿನ ಕಿಡಿ
ನೋಡೋಕೆ ಎಷ್ಟು ಚೆಂದವಿತ್ತೆಂದರೆ
ಕೈ ತೆಗೆಯಲು ಮರೆತೆ.
ಬೋರ್ಡಿನ ಮೇಲೆ ನಾಲ್ಕಕ್ಕೂ ಒಂದೇ ಅಂಕಿ ಬರೆದೆ.
ಸಾಬರು ಬೋರ್ಡು ನೋಡಿದರು, ರಾಡು ನೋಡಲಿಲ್ಲ,
ಬಿಸಿ ಬೋಂಡ ಕೊಡಿಸಿದರು.

ಒಂಬತ್ತು ಗ್ರಾಂ.
ಒಂದು ಪವನಿಗಿಂತ ಒಂದೇ ಗ್ರಾಂ ಹೆಚ್ಚು.
ನಿಂತಾಗ ಅಷ್ಟೇ. ನಿಮಿಷಕ್ಕೆ ಮೂರು ಸಾವಿರ ಸುತ್ತು ಹೊಡೆದಾಗ
ಅದೇ ನಾಲ್ಕೂವರೆ ಕಿಲೋ ಆಗಿ ಕ್ರ್ಯಾಂಕನ್ನು ಜಗ್ಗುತ್ತದೆ.

ಬಾಗಿಲಲ್ಲಿ ಬೀಡಿ ಹಚ್ಚುತ್ತಾ ಚೌಡರೆಡ್ಡಿ:
"ಮೊದ್ಲಿಂದ್ಲೂ ಐವತ್ತು ದಾಟಿದ್ರೆ ಗೇರ್ ಕಡ್ಡಿ ನಡುಗ್ತಿತ್ತಕ್ಕಾ.
ನಮ್ಮಪ್ಪ ಮದನಪಲ್ಲಿ ರಸ್ತೇನ ಬೈಕೊಂಡೇ ಹೋಗ್ಬಿಟ್ಟ."
ರಸ್ತೆ ಸರಿಯಾಗೇ ಇತ್ತು, ಅನ್ನಬೇಕಿತ್ತು.
ನಾನು ಕ್ಯಾಪಿನ ನಂಬರನ್ನು ರಾಡಿನ ನಂಬರಿಗೆ
ಹೊಂದಿಸುತ್ತಾ ಕೂತಿದ್ದೆ.

ಈ ಸಲ ಗ್ರೈಂಡರ್ ಮುಟ್ಟಲಿಲ್ಲ. ಅರ ಹಿಡಿದೆ.
ಕೆಳಗೆ ಬಿಳಿ ಪಂಚೆಯ ತುಂಡು ಹಾಸಿದೆ.
ಸಣ್ಣ ತುದಿಯನ್ನು ದಾರಕ್ಕೆ ತೂಗುಬಿಟ್ಟು ದೊಡ್ಡ ತುದಿ ತೂಗಿ,
ಮತ್ತೆ ಅದಲುಬದಲು ಮಾಡಿ,
ಎಲ್ಲಿ ಭಾರವೋ ಅಲ್ಲಷ್ಟೇ, ಚೂರು ಚೂರೇ.
"ಉದ್ದಕ್ಕೆ ಉಜ್ಜು, ಅಡ್ಡಕ್ಕಲ್ಲ," ಅಂದೆ ಇಮ್ತಿಯಾಜನಿಗೆ,
"ಅಡ್ಡ ಗೀರು ಬಿರುಕಿನ ಬೀಜ."
ಮೊದಲನೆಯದರಿಂದ ಒಂಬತ್ತು, ಎರಡನೆಯದರಿಂದ ಏಳು,
ನಾಲ್ಕನೆಯದರಿಂದ ಎಂಟು.
ತಪ್ಪೇನೂ ಮಾಡದ ಮೂರು ರಾಡು
ನನ್ನ ಐದು ಚುಕ್ಕಿಯ ಮಟ್ಟಕ್ಕೆ ಬಂದವು,
ಸಂಜೆಯಾಗಿತ್ತು,
ಅಂಬಾಜಿದುರ್ಗದ ಬೆಟ್ಟ ಕಪ್ಪಗಾಗಿತ್ತು.

ರಾತ್ರಿ ಎಂಜಿನ್ನು ಹೊತ್ತಿತು.
ರೇಡಿಯೇಟರಿನ ಮೇಲಿಟ್ಟ ಲೋಟದ ಟೀ
ಅಲುಗಲಿಲ್ಲ, ಬರೀ ಹೊಳೆಯಿತು.
ಚೌಡರೆಡ್ಡಿ ಗೇರ್ ಕಡ್ಡಿ ಹಿಡಿದು ಬಹಳ ಹೊತ್ತು ಕೂತ,
"ಯಾಕೋ ಬೇರೆಯೋರ ಗಾಡಿ ಇದ್ದಂಗದೆ," ಅಂದ.
ಬಿಲ್ಲಿನಲ್ಲಿ ಅರ ಹಾಕಿದ ಕೂಲಿ ಬರೆಯಲಿಲ್ಲ.
ಅವನು ಕೇಳಲೂ ಇಲ್ಲ.

ಅವನು ಹೋದ ಮೇಲೆ ಪಂಚೆಯ ಪುಡಿಯನ್ನೆಲ್ಲ
ಹಕ್ಕಿಯ ರೆಕ್ಕೆಯಿಂದ ಗುಡಿಸಿ ತಕ್ಕಡಿಗೆ ಸುರಿದೆ.
ಇಪ್ಪತ್ತೆರಡು.
ಸೆರಗು ಕೊಡವಿದೆ, ಉಗುರ ಸಂದು ನೋಡಿದೆ,
ಅರದ ಹಲ್ಲುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿದೆ.
ಇಪ್ಪತ್ತೆರಡೇ.

ಇಮ್ತಿಯಾಜ್ ಬೋರ್ಡಿನ ಮುಂದೆ, ಕೈಯಲ್ಲಿ ಸೀಮೆಸುಣ್ಣ:
"ಇಪ್ಪತ್ನಾಲ್ಕು ಅಂತ ಬರೀಲಾ ಅಕ್ಕಾ? ಲೆಕ್ಕ ಸರಿಹೋಗುತ್ತೆ."

"ಬೇಡ. ಬಂದಷ್ಟು ಬರಿ."